ಶಾಸ್ತ್ರಿಯವರ ಮಕ್ಕಳು ಸರ್ಕಾರಿ ಕಾರಲ್ಲಿ ಸುತ್ತಿದ ಕಥೆ ನಿಜವೇ?

ಮಂಡ್ಯದ_ಮಗಳು: ಅಕ್ಟೋಬರ್ 2ಕ್ಕೆ ಮಗನ ಶಾಲೆಯಲ್ಲಿ ಭಾಷಣ ಇದೆ. ಗಾಂಧೀಜಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನನಗೆ ಶಾಸ್ತ್ರಿಯವರೇ ಬೇಕು ಅಂತಾನೆ. ಲಾಲ್ ಬಹದ್ದೂರ್ ಶಾಸ್ತ್ರಿ ಪ್ರಧಾನಿಯಾಗಿದ್ದಾಗ ಮಕ್ಕಳು ಸರ್ಕಾರಿ ಕಾರು ತಗೊಂಡು ಸುತ್ತಾಡಿದ್ದರಂತೆ. ಆಮೇಲೆ ಏನಾಯ್ತು? ಹೊಡೆದರಾ?

ಲಾಗ್‌ಬುಕ್_ರಾಯರು: ಹೊಡೆಯಲಿಲ್ಲಮ್ಮ. ಮಗ ಸುನೀಲ್ ಶಾಸ್ತ್ರಿಯವರೇ ಹೇಳಿಕೊಂಡಿರುವ ಕಥೆ ಇದು. ಅಪ್ಪನಿಗೆ ಸರ್ಕಾರ ಕೊಟ್ಟಿದ್ದ ಇಂಪಾಲಾ ಕಾರನ್ನು ಹುಡುಗರು ಕೇಳದೆ ತಗೊಂಡು ಹೋಗಿ, ರಾತ್ರಿ ತಡವಾಗಿ ಬಂದರು. ಬೆಳಿಗ್ಗೆ ಶಾಸ್ತ್ರಿಯವರು ಡ್ರೈವರನ್ನು ಕರೆದು, ಲಾಗ್ ಬುಕ್ ಇಡ್ತೀಯಾ, ನಿನ್ನೆ ಕಾರು ಎಷ್ಟು ದೂರ ಓಡಿದೆ ಅಂತ ಕೇಳಿದರು. 14 ಕಿಲೋಮೀಟರ್. ಅದನ್ನು ಖಾಸಗಿ ಬಳಕೆ ಅಂತ ಬರೆಯಲು ಹೇಳಿ, ಕಿಲೋಮೀಟರಿಗೆ 7 ಪೈಸೆಯಂತೆ ಮನೆಯ ದುಡ್ಡಿನಿಂದ ಸರ್ಕಾರಕ್ಕೆ ಕಟ್ಟಿಸಿದರು. ಲೆಕ್ಕ ಹಾಕಿ, ಒಂದು ರೂಪಾಯಿಗೂ 2 ಪೈಸೆ ಕಡಿಮೆ! ಹುಡುಗರು ಮತ್ತೆ ಆ ಕಾರು ಮುಟ್ಟಲಿಲ್ಲವಂತೆ.

ನಾನು ಸರ್ಕಾರಿ ಕಚೇರಿಯೊಂದರ ವಾಹನ ಶಾಖೆಯಲ್ಲಿ ಗುಮಾಸ್ತನಾಗಿದ್ದವನು. ಹೊರಟಾಗಿನ ರೀಡಿಂಗ್, ಬಂದಾಗಿನ ರೀಡಿಂಗ್, ಕೆಲಸ ಏನು, ಸಹಿ. ಸಾಹೇಬರ ಮಗಳು ಟ್ಯೂಷನ್‌ಗೆ ಹೋದ ದಿನವೂ ಕೆಲಸದ ಕಾಲಂನಲ್ಲಿ ‘ಸ್ಥಳ ಪರಿಶೀಲನೆ’ ಅಂತಲೇ ಇರುತ್ತಿತ್ತು. ಹಾಗಾಗಿ ನನಗೆ ಆ 98 ಪೈಸೆಗಿಂತ, ಖಾಸಗಿ ಅಂತ ಬರೆಸಿದರಲ್ಲ, ಅದೇ ದೊಡ್ಡದು.

ಸುಮ್ನೆ_ಕೇಳ್ದೆ: ಎಲ್ಲಾ ಮಕ್ಕಳೇ ಹೇಳಿದ್ದು ಅಲ್ವಾ ಸರ್? ಸುನೀಲ್, ಅನಿಲ್ ಇಬ್ಬರೂ ಮುಂದೆ ರಾಜಕೀಯಕ್ಕೆ ಬಂದವರು. ಅಪ್ಪನ ಹೆಸರು ಚೆನ್ನಾಗಿದ್ದರೆ ಅವರಿಗೇ ಲಾಭ.

ಲಾಗ್‌ಬುಕ್_ರಾಯರು: ಅನುಮಾನ ನ್ಯಾಯವೇ. ಆದರೆ ಬರೀ ಹೊಗಳೋಕೆ ಅಂತಿದ್ದರೆ ತಮ್ಮ ಮಾನ ಕಳೆದುಕೊಳ್ಳುವ ಕಥೆ ಯಾಕೆ ಹೇಳುತ್ತಾರೆ? ಅನಿಲ್ ಹೇಳಿದ್ದು ಕೇಳಿ. ದೊಡ್ಡವರ ಕಾಲಿಗೆ ನೀನು ಸರಿಯಾಗಿ ನಮಸ್ಕಾರ ಮಾಡಲ್ಲ, ಕೈ ಮೊಣಕಾಲ ಹತ್ತಿರಕ್ಕೂ ಹೋಗಲ್ಲ ಅಂದರಂತೆ ಅಪ್ಪ. ಹುಡುಗ ಒಪ್ಪಲಿಲ್ಲ, ಅಣ್ಣತಮ್ಮಂದಿರ ಮೇಲೆ ಹಾಕಿದ. ಶಾಸ್ತ್ರಿಯವರು ಬಗ್ಗಿ ಮಗನ ಕಾಲು ಮುಟ್ಟಿ, ಹೀಗೆ ಮಾಡಬೇಕು ಅಂತ ತೋರಿಸಿದರು. ದೇಶದ ಪ್ರಧಾನಿ! ನಮ್ಮಪ್ಪನ ಬೆಲ್ಟೇ ವಾಸಿ ಅನಿಸುತ್ತೆ ನನಗೆ. ಏಟಾದರೆ ಸಂಜೆಗೆ ಮರೆತುಹೋಗುತ್ತಿತ್ತು.

ತಪ್ಪು ಮಕ್ಕಳದ್ದು, ದಂಡ ಅಪ್ಪನದ್ದು. ಅವರ ರೀತಿಯೇ ಅದು. ಕೆಲವು ಸಲ ಭಾರ ಹೆಂಡತಿಯ ಮೇಲೂ ಬಿತ್ತು. ಮನೆಗೊಂದು ಸ್ವಂತ ಕಾರು ಬೇಕು ಅಂತ ಮಕ್ಕಳು ಹಟ ಹಿಡಿದಾಗ 12,000 ರೂಪಾಯಿಯ ಫಿಯೆಟ್ ತಗೊಂಡರು. ಕೈಲಿದ್ದದ್ದು 7,000. ಉಳಿದ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡರಲ್ಲ, ಆ ಸಾಲವನ್ನು ಲಲಿತಾ ಶಾಸ್ತ್ರಿಯವರು ಪಿಂಚಣಿಯಲ್ಲಿ ತೀರಿಸಿದರು. ಈ ಭಾಗ ಯಾಕೋ ಯಾವ ಭಾಷಣದಲ್ಲೂ ಬರಲ್ಲ.

ಸುಮ್ನೆ_ಕೇಳ್ದೆ: ಕಾಲು ಮುಟ್ಟಿದ್ದು ನನಗೆ ಸ್ವಲ್ಪ ಜಾಸ್ತಿಯೇ ಆಯ್ತು ಅನಿಸುತ್ತೆ. ಮಗು ಮನಸ್ಸಿಗೆ ಹೇಗಾಗಬೇಡ! ಸಾಲದ ವಿಷಯ ಗೊತ್ತಿರಲಿಲ್ಲ.

ಲಾಗ್‌ಬುಕ್_ರಾಯರು: ಮಂಡ್ಯದ ತಾಯಿ, ಭಾಷಣಕ್ಕೆ ಇನ್ನೊಂದಿದೆ. 1965ರಲ್ಲಿ ಯುದ್ಧ ಬೇರೆ, ಧಾನ್ಯ ಸಾಲದು. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ದೇಶಕ್ಕೆ ಹೇಳುವ ಮೊದಲು, ಮನೆಯಲ್ಲಿ ಒಂದು ರಾತ್ರಿ ಒಲೆ ಹಚ್ಚಬೇಡ ಅಂತ ಹೆಂಡತಿಗೆ ಹೇಳಿದರಂತೆ. ನನ್ನ ಮಕ್ಕಳು ತಡೆದಾರಾ ನೋಡೋಣ ಅಂತ.

ಮಂಡ್ಯದ_ಮಗಳು: ತುಂಬಾ ಥ್ಯಾಂಕ್ಸ್ ಸರ್. ಎಲ್ಲಾ ಓದಿ ಹೇಳಿದೆ. ಅವನಿಗೆ ಕಾರಿನ ಕಥೆಯೇ ಬೇಕಂತೆ. ಇಂಪಾಲಾ ಫೋಟೋ ಹುಡುಕುತ್ತಾ ಕೂತಿದ್ದಾನೆ, ಭಾಷಣ ಇನ್ನೂ ಒಂದು ಸಾಲೂ ಬರೆದಿಲ್ಲ.