‘ನಿಂತು ಹೋಗ್ತೈತೆ’ ಅಂದರೆ ಏನರ್ಥ? ಮುಟ್ಟಿನ ಮಾತುಗಳ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಎರಡು ವಿಷಯ ಕೇಳಬೇಕು. ಒಂದು, ‘ಮುಟ್ಟು ನಿಂತಿದೆ’, ‘ಮುಟ್ಟು ನಿಂತಿತು’, ‘ಮುಟ್ಟು ನಿಂತುಹೋಗಿದೆ’ ಈ ಮೂರನ್ನು ನಿಮ್ಮ ಊರಿನ ಹೆಂಗಸರು ಬೇರೆ ಬೇರೆ ಅರ್ಥದಲ್ಲಿ ಆಡುತ್ತಾರಾ? ಇನ್ನೊಂದು, ಮುಟ್ಟು ಪೂರ್ತಿ ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯಾ? ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ, ದಯವಿಟ್ಟು ಓದಿ.

ನಾನು ತುಮಕೂರಿನಲ್ಲಿ ಡಿಟಿಪಿ ಮಾಡುತ್ತೇನೆ, ಜೊತೆಗೆ ಸಣ್ಣಪುಟ್ಟ ಅನುವಾದ. ಮದುವೆ ಕಾರ್ಡು, ಕರಪತ್ರ, ಸಂಘದ ವರದಿ, ಬಂದದ್ದನ್ನೆಲ್ಲ ಮಾಡುತ್ತೇನೆ. ಹೋದ ತಿಂಗಳು ನಮ್ಮ ಬೀದಿಯಲ್ಲೇ ಇರುವ ಹೋಮಿಯೋಪತಿ ಡಾಕ್ಟರೊಬ್ಬರು ನಾಲ್ಕು ಪುಟದ ಇಂಗ್ಲಿಷ್ ಕರಪತ್ರ ತಂದುಕೊಟ್ಟರು. ಮುಟ್ಟಿನ ತೊಂದರೆಗಳು, ಅವಕ್ಕೆ ಅವರ ಪದ್ಧತಿಯಲ್ಲಿ ಕೊಡುವ ಔಷಧಿಗಳು. ‘ಹಳ್ಳಿ ಹೆಂಗಸರಿಗೆ ಅರ್ಥ ಆಗೋ ಹಾಗೆ ಕನ್ನಡ ಮಾಡಿಕೊಡಮ್ಮಾ’ ಅಂದರು. ಒಂದು ದಿನದ ಕೆಲಸ ಅಂದುಕೊಂಡೆ. ಮೂರು ವಾರ ಆಯಿತು, ಇನ್ನೂ ಮುಗಿದಿಲ್ಲ.

ಮೊದಲನೇ ತೊಡಕು ತಲೆಬರಹದಲ್ಲೇ. ಮುಟ್ಟು ಅನ್ನಲೋ, ಋತುಸ್ರಾವ ಅನ್ನಲೋ, ಮಾಸಿಕ ಅನ್ನಲೋ? 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳದ ರಜೆ ಕೊಡಲು ಒಪ್ಪಿದಾಗ ಪೇಪರಿನಲ್ಲಿ ‘ಋತುಚಕ್ರ ರಜೆ’ ಅಂತ ಬಂತು. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಪಕ್ಕದ ಮನೆ ಹುಡುಗಿ ಅದನ್ನ ‘ಪೀರಿಯಡ್ಸ್ ರಜೆ’ ಅಂತಾಳೆ. ಅವಳ ಅಮ್ಮ ‘ಡೇಟು’ ಅಂತಾರೆ. ನಾವು ಹೈಸ್ಕೂಲಲ್ಲಿ ‘ಎಂಸಿ’ ಅನ್ನುತ್ತಿದ್ದೆವು, ಅದೂ ಪಿಸುಮಾತಲ್ಲಿ. ಅಜ್ಜಿ ಕಾಲದ್ದಂತೂ ಒಂದು ಗುಡ್ಡೆಯೇ ಇದೆ. ಹೊರಗಾಗಿದ್ದಾಳೆ, ದೂರ ಕೂತಿದ್ದಾಳೆ, ತಿಂಗಳಾಗಿದ್ದಾಳೆ, ಮಕ್ಕಳು ಕೇಳಿದರೆ ‘ಅಮ್ಮನ್ನ ಕಾಗೆ ಮುಟ್ಟಿದೆ’. ನಾಲ್ಕೈದು ವರ್ಷದವಳಿದ್ದಾಗ ನಾನು ಇದನ್ನು ನಿಜ ಅಂತಲೇ ನಂಬಿ, ಅಂಗಳದಲ್ಲಿ ಕಾಗೆ ಕಂಡರೆ ಅಮ್ಮನ ಸೆರಗು ಹಿಡಿದು ಒಳಗೆ ಎಳೆಯುತ್ತಿದ್ದೆ.

ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಮೈಯಲ್ಲಿ ಏನಾಗುತ್ತಿದೆ ಅನ್ನುವುದನ್ನು ಹೇಳುವುದೇ ಇಲ್ಲ. ಹೆಂಗಸು ಎಲ್ಲಿ ಕೂರಬೇಕು, ಯಾರನ್ನು ಮುಟ್ಟಬಾರದು ಅನ್ನುವುದನ್ನು ಹೇಳುತ್ತವೆ. ನಮ್ಮ ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ ‘ಹೊರಗೆ’ ಅನ್ನುವ ಮಾತು ಬರೀ ಮಾತಾಗಿರಲಿಲ್ಲ, ಹಟ್ಟಿಯಾಚೆ ಗುಡಿಸಲಲ್ಲಿ ಇರಬೇಕಿತ್ತು. ಹಾಗೆ ಹೆಂಗಸರನ್ನು ಬಲವಂತವಾಗಿ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬಂದರೂ ಮಾತು ಹಾಗೇ ಇದೆ. ಇಷ್ಟಾದರೂ ತಲೆಬರಹಕ್ಕೆ ‘ಮುಟ್ಟು’ ಅಂತಲೇ ಇಟ್ಟೆ. ಎಲ್ಲರಿಗೂ ಗೊತ್ತಿರುವ ಪದ ಅದೊಂದೇ. ಬಿಳಿಸೆರಗಿಗೆ ಬಿಳಿಸೆರಗು ಅಂತಲೇ ಬರೆದೆ, ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಎರಡನೇ ತೊಡಕು ‘ಪವರ್’. ಹೋಮಿಯೋಪತಿ ಶೀಷೆ ಮೇಲೆ 30, 200 ಅಂತ ಇರುತ್ತಲ್ಲ, ನಮ್ಮೂರಲ್ಲಿ ಎಲ್ಲರೂ ಅದಕ್ಕೆ ಪವರ್ ಅಂತಾರೆ, ಕನ್ನಡಕಕ್ಕೆ ಅಂದ ಹಾಗೆ. 200 ಅಂದರೆ 30ಕ್ಕಿಂತ ಜೋರು, ಮದ್ದು ಜಾಸ್ತಿ ಇದೆ ಅಂತ ತಿಳಿಯುತ್ತಾರೆ. ಆದರೆ ತಯಾರಿಸುವ ಲೆಕ್ಕ ನೋಡಿದರೆ ಅದು ಉಲ್ಟಾ. ಒಂದು ಪಾಲು ಮೂಲ ಔಷಧಿಗೆ 99 ಪಾಲು ನೀರೋ ಸ್ಪಿರಿಟ್ಟೋ ಬೆರೆಸಿ ಕುಲುಕುತ್ತಾರೆ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲು ಬೆರೆಸುತ್ತಾರೆ. ಹೀಗೆ 30 ಸಲ ಮಾಡಿದರೆ 30, 200 ಸಲ ಮಾಡಿದರೆ 200. ಸುಮಾರು 12 ಸಲ ಆಗುವಷ್ಟರಲ್ಲಿ ಮೂಲ ವಸ್ತುವಿನ ಒಂದು ಅಣು ಕೂಡ ಉಳಿದಿರುವುದು ಕಷ್ಟ ಅಂತ ರಸಾಯನಶಾಸ್ತ್ರದ ಲೆಕ್ಕ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಶಕ್ತಿ ಜಾಸ್ತಿ ಅನ್ನುವುದು ಆ ಪದ್ಧತಿಯವರ ನಂಬಿಕೆ, 1796ರಲ್ಲಿ ಹಾನೆಮನ್ ಬರೆದ ಲೇಖನದಿಂದ ಶುರುವಾದ ಪದ್ಧತಿ ಅದು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಮಾತ್ರ 2015ರಲ್ಲಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಂಬುವಂಥ ಆಧಾರ ಇಲ್ಲ ಅಂತ ಹೇಳಿತು. ನಾನು ಡಾಕ್ಟರಲ್ಲ. ಆದರೆ ಪದದ ಮಟ್ಟಿಗೆ ಹೇಳುವುದಾದರೆ ‘ಪವರ್’ ಅಂತ ಬರೆದರೆ ಓದುವವರಿಗೆ ತಪ್ಪು ಅರ್ಥ ಕೊಟ್ಟ ಹಾಗೆ. ‘30 ಸಲ ತೆಳು ಮಾಡಿದ್ದು’ ಅಂತ ಬರೆದೆ. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ತೆಳು ಅಂದ್ರೆ ಜನ ತಗೊಳಲ್ಲಮ್ಮಾ’ ಅಂದರು. ಕೊನೆಗೆ ಒಪ್ಪಿದರು.

ಔಷಧಿ ಹೆಸರುಗಳನ್ನು ಹಾಗೇ ಇಟ್ಟಿದ್ದೇನೆ. ಪಲ್ಸಟಿಲ್ಲಾ ಒಂದು ಹೂವಿನ ಗಿಡ, ಯೂರೋಪಿನದು. ಸೆಪಿಯಾ ಅಂದರೆ ಸಮುದ್ರದ ಒಂದು ಜೀವಿ ಉಗುಳುವ ಕಪ್ಪು ಶಾಯಿ, ಹಳೇ ಫೋಟೋಗಳ ಕಂದು ಬಣ್ಣಕ್ಕೆ ಸೆಪಿಯಾ ಅನ್ನುವುದೂ ಅದರಿಂದಲೇ. ಲ್ಯಾಕೆಸಿಸ್ ಹಾವಿನ ವಿಷ. ಪಟ್ಟಿಯಲ್ಲಿ ನಮ್ಮ ನೆಲದ್ದು ಅಂದರೆ ಅಶೋಕ ಒಂದೇ. ಇಲ್ಲೂ ಒಂದು ಎಚ್ಚರಿಕೆ ಬೇಕು. ಮುಟ್ಟಿನ ಔಷಧಿಗೆ ಹೇಳುವ ಅಶೋಕ, ಕಿತ್ತಳೆ ಕೆಂಪು ಹೂಗೊಂಚಲು ಬಿಡುವ ಸೀತಾ ಅಶೋಕ. ಶಾಲೆ ಕಾಂಪೌಂಡಿಗೆ ಸಾಲಾಗಿ ನೆಟ್ಟಿರುವ, ನೆಟ್ಟಗೆ ಮೇಲಕ್ಕೆ ಬೆಳೆಯುವ ಉದ್ದನೆ ಮರಕ್ಕೂ ನಾವು ಅಶೋಕ ಅಂತಲೇ ಕರೆಯುತ್ತೇವೆ, ಅದು ಬೇರೆ ಜಾತಿಯ ಮರ. ಆ ಉದ್ದನೆ ಮರದ ತೊಗಟೆ ಕೆತ್ತಿ ಕಷಾಯ ಮಾಡಿಕೊಂಡ ಹೆಂಗಸೊಬ್ಬರು ನನಗೆ ಗೊತ್ತು.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಕರಪತ್ರದಲ್ಲಿ ಒಂದು ಸಾಲು ಇತ್ತು, ನೇರ ಕನ್ನಡ ಮಾಡಿದರೆ ‘ಮುಟ್ಟು ನಿಂತರೆ ಪಲ್ಸಟಿಲ್ಲಾ’ ಅಂತ ಆಗುತ್ತದೆ. ಟೈಪ್ ಮಾಡಿ ಓದಿಕೊಂಡೆ. ಕೈ ಅಲ್ಲೇ ನಿಂತಿತು.

ಮುಟ್ಟು ನಿಂತರೆ ಅಂದರೆ ಯಾವ ನಿಲ್ಲುವುದು? ಹೊಸದಾಗಿ ಮದುವೆಯಾದ ಹುಡುಗಿಗೆ ‘ನಿಂತಿದೆ’ ಅಂದರೆ ಬಸುರಿ. ಅತ್ತೆ ಬಂದವರ ಹತ್ತಿರ ‘ನಿಂತು ಎರಡು ತಿಂಗಳಾಯ್ತು’ ಅಂದರೆ ಸಿಹಿ ಸುದ್ದಿ. ಕಾಲೇಜು ಹುಡುಗಿಗೆ ‘ನಿಂತಿದೆ’ ಅಂದರೆ ತಡ ಆಗಿದೆ, ಬಂದಿಲ್ಲ. ನಾಲ್ಕನೇ ದಿನಕ್ಕೆ ತಲೆ ಮೇಲೆ ನೀರು ಹುಯ್ದುಕೊಂಡವಳಿಗೆ ‘ನಿಂತಿತು’ ಅಂದರೆ ಈ ತಿಂಗಳದ್ದು ಮುಗಿಯಿತು. ಐವತ್ತರವರಿಗೆ ‘ನಿಂತುಹೋಯ್ತು’ ಅಂದರೆ ಇನ್ನು ಇಲ್ಲ. ನಾಲ್ಕು ಅರ್ಥ, ಒಂದೇ ‘ನಿಲ್ಲು’. ಬೇರೆ ಮಾಡಿ ತೋರಿಸುವುದು ಆ ಬಾಲದಲ್ಲಿರುವ ‘ಇದೆ’, ‘ಇತು’, ‘ಹೋಯ್ತು’ ಮಾತ್ರ. ಬಸುರಿ ಅಂತ ಗೊತ್ತಿಲ್ಲದ ಹುಡುಗಿ ಆ ಸಾಲು ಓದಿ ಗುಳಿಗೆ ತಿನ್ನುತ್ತಾ ಕಾಯುತ್ತಾಳೆ, ಮೊದಲು ಮಾಡಿಸಬೇಕಾದ ಪರೀಕ್ಷೆ ಮಾಡಿಸುವುದಿಲ್ಲ.

ಇದಕ್ಕಿಂತ ಹತ್ತಿರದ್ದು ಒಂದಿದೆ. ಮಧುಗಿರಿ ಪಕ್ಕದ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಅವರಿಗೆ ಐವತ್ತೊಂದಕ್ಕೇ ಮುಟ್ಟು ನಿಂತಿತ್ತು. ಐವತ್ತಾರರಲ್ಲಿ ಒಂದು ದಿನ ಸೀರೆಯಲ್ಲಿ ಕಲೆ ಕಾಣಿಸಿತು. ಯಾರಿಗೂ ಹೇಳಲಿಲ್ಲ. ‘ಮತ್ತೆ ಮುಟ್ಟಾದೆ’ ಅಂತ ತಿಳಿದು ದೇವರ ಮನೆಗೆ ಹೋಗುವುದನ್ನು ಬಿಟ್ಟರಂತೆ, ಅಷ್ಟೇ. ಅದು ಬಂತು, ನಿಂತಿತು, ಮತ್ತೆ ಬಂತು. ಎರಡು ತಿಂಗಳ ಮೇಲೆ ಸಂತೆ ದಿನ ಬಸ್ ಹತ್ತಿ ಒಬ್ಬ ಹೋಮಿಯೋಪತಿಯವರ ಹತ್ತಿರ ಹೋಗಿದ್ದಾರೆ. ಅಲ್ಲಿ ಅವರು ಹೇಳಿದ್ದು ಇಷ್ಟು. ‘ಸಾ, ಮುಟ್ಟು ನಿಂತು ಹೋಗ್ತೈತೆ.’

ದೊಡ್ಡಮ್ಮ ಹೇಳಿದ್ದು, ನಿಂತು, ಆಮೇಲೆ ಮತ್ತೆ ಹೋಗುತ್ತಿದೆ ಅಂತ. ನಮ್ಮ ಕಡೆ ರಕ್ತ ಸುರಿಯುವುದಕ್ಕೆ ‘ಹೋಗು’ ಅಂತಲೇ ಹೇಳುವುದು. ‘ಜಾಸ್ತಿ ಹೋಗ್ತೈತೆ’, ‘ಗಡ್ಡೆ ಗಡ್ಡೆ ಹೋಗ್ತೈತೆ’ ಅಂತಾರೆ. ಕೇಳಿಸಿಕೊಂಡವರಿಗೆ ಅದು ‘ನಿಂತುಹೋಗ್ತೈತೆ’ ಅಂತ ಒಂದೇ ಪದವಾಗಿ ಕೇಳಿಸಿತು, ಅಂದರೆ ನಿಲ್ಲುತ್ತಾ ಬಂದಿದೆ, ಆ ವಯಸ್ಸಿಗೆ ಸಹಜ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿತ್ತು, ಕೇಳಲಿಲ್ಲ. ಎರಡು ಶೀಷೆ ಸಕ್ಕರೆ ಗುಳಿಗೆ ಕೊಟ್ಟು, ಕಾಫಿ, ಈರುಳ್ಳಿ ಬಿಡಿ ಅಂದರು. ದೊಡ್ಡಮ್ಮ ಎಂಟು ತಿಂಗಳು ಕಾಫಿ ಬಿಟ್ಟರು. ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು, ಶೀಷೆಯ ಮುಚ್ಚಳದಲ್ಲೇ ಎಣಿಸಿ, ಕೈ ತಾಗಿಸದೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಹಬ್ಬಕ್ಕೆ ಹೋದಾಗ ಕಣ್ಣಾರೆ ನೋಡಿದ್ದೆ. ಏನಕ್ಕೆ ಅಂತ ಕೇಳಿದ್ದಕ್ಕೆ ‘ಸುಮ್ನೆ ಸೊಂಟನೋವಿಗೆ’ ಅಂದರು.

ಕೊನೆಗೆ ಸೊಸೆ ಬಟ್ಟೆ ನೋಡಿ ತುಮಕೂರಿಗೆ ಕರೆತಂದಳು. ಇಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ‘ಪೂರ್ತಿ ನಿಂತು ಎಷ್ಟು ವರ್ಷ ಆಗಿತ್ತು? ಅದಾದ ಮೇಲೆ ಕಾಣಿಸಿದ್ದಾ?’ ಅಂತ. ಆ ‘ಅದಾದ ಮೇಲೆ’ ಅನ್ನುವ ಮಾತೇ ಎಲ್ಲ ಬಿಡಿಸಿತು. ಸ್ಕ್ಯಾನಿಂಗ್, ಬಯಾಪ್ಸಿ ಆಯಿತು. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಶುರುವಾಗಿತ್ತು. ಗರ್ಭಕೋಶ ತೆಗೆದರು. ಹರಡಿರಲಿಲ್ಲ. ಈಗ ನಾಲ್ಕು ವರ್ಷ ಆಯಿತು, ಆರೋಗ್ಯವಾಗಿದ್ದಾರೆ, ಕಾಫಿ ಕುಡಿಯುತ್ತಾರೆ.

ಒಂದು ವರ್ಷ ಪೂರ್ತಿ ಮುಟ್ಟಾಗದಿದ್ದರೆ ನಿಂತುಹೋಯಿತು ಅಂತ ವೈದ್ಯರ ಲೆಕ್ಕ. ಅದಾದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ, ಒಳಪದರ ತೆಳ್ಳಗಾಗಿರುವುದೋ, ಸಣ್ಣ ದುರ್ಮಾಂಸವೋ. ಆದರೆ ಈ ಕ್ಯಾನ್ಸರಿಗೆ ಮೊದಲ ಗುರುತೂ ಸಾಮಾನ್ಯವಾಗಿ ಇದೇ. ನಮ್ಮ ಮಾತಿನಲ್ಲಿ ಮಾತ್ರ ಇದಕ್ಕೂ ‘ಮುಟ್ಟು’ ಅಂತಲೇ ಹೆಸರು. ಹೆಸರು ಒಂದೇ ಆದದ್ದಕ್ಕೆ ದೊಡ್ಡಮ್ಮನಿಗೆ ಹೆದರಿಕೆಯೇ ಆಗಲಿಲ್ಲ, ಮುಟ್ಟು ಅಂದರೆ ಜೀವನಪೂರ್ತಿ ಕಂಡದ್ದೇ ಅಲ್ವಾ?

ಹಾಗಾದರೆ ಕರಪತ್ರದಲ್ಲಿ ಏನು ಬರೆಯಲಿ? ಪತ್ರಿಕೆಗಳು ‘ಋತುಬಂಧ’ ಅಂತ ಬಳಸುತ್ತವೆ. ನಾಲ್ಕು ಜನ ಹೆಂಗಸರನ್ನು ಕೂರಿಸಿಕೊಂಡು ಓದಿ ಕೇಳಿದೆ. ಇಬ್ಬರು ‘ಕಟ್ಟಿಕೊಂಡಿದೆ ಅಂತ ಅಲ್ವಾ?’ ಅಂದರು. ಬಂಧ ಅಂದರೆ ಕಟ್ಟು, ಕಟ್ಟಿದ್ದನ್ನ ಬಿಚ್ಚಬಹುದು, ಬಿಚ್ಚುವುದಕ್ಕೆ ಮದ್ದು ಬೇಕು ಅಂತ ಅವರ ಲೆಕ್ಕ ಹೋಗುತ್ತದೆ. ವಯಸ್ಸಿಗೆ ಸಹಜವಾಗಿ ಬರುವುದನ್ನು ಕಾಯಿಲೆ ಮಾಡುವ ಪದ ಅದು, ನನಗೆ ಸರಿಬರುವುದಿಲ್ಲ. ‘ಕೊನೆಮುಟ್ಟು’ ಅಂತ ಯೋಚಿಸಿದೆ. ಆದರೆ ಆಸ್ಪತ್ರೆಯಲ್ಲಿ ಬಸುರಿಯರನ್ನು ‘ಕೊನೆ ಮುಟ್ಟು ಯಾವಾಗ?’ ಅಂತಲೇ ಕೇಳುತ್ತಾರೆ, ಅಲ್ಲಿ ಅದು ಹಿಂದಿನ ಸಲದ್ದು. ‘ಮುಟ್ಟು ಮುಗಿಯುವುದು’ ಅಂದರೆ ಈ ತಿಂಗಳದ್ದು ಮುಗಿದ ಹಾಗೂ ಆಗುತ್ತದೆ.

ಪಾವಗಡದವರನ್ನೂ, ಬಾಗೇಪಲ್ಲಿ ಚಿಂತಾಮಣಿ ಕಡೆಯವರನ್ನೂ ಮುಖ್ಯವಾಗಿ ಕೇಳಬೇಕು. ನಿಮ್ಮ ಮನೆಯಲ್ಲಿ ಕನ್ನಡ ತೆಲುಗು ಎರಡೂ ಓಡಾಡುತ್ತವೆ. ತೆಲುಗಲ್ಲೂ ‘ಮುಟ್ಟು’ ಇದೆ, ‘ಬಯಟ ಉಂದಿ’ ಇದೆ, ತಿಂಗಳಿಗೆ ‘ನೆಲ’ ಅಂತ ಇರುವುದರಿಂದ ‘ನೆಲಸರಿ’ ಅಂತಲೂ ಅಂತಾರೆ. ಹುಡುಗಿ ದೊಡ್ಡವಳಾದದ್ದಕ್ಕೆ ‘ಪೆದ್ದಮನಿಷಿ’ ಅನ್ನುವುದನ್ನು ನಾನೇ ಪಾವಗಡದಲ್ಲಿ ಕೇಳಿದ್ದೇನೆ. ನಿಂತ ಮೇಲೆ ಕಾಣುವ ರಕ್ತಕ್ಕೆ ನಿಮ್ಮ ಅಜ್ಜಿಯರು, ಸೂಲಗಿತ್ತಿಯರು ಏನಾದರೂ ಬೇರೆ ಅನ್ನುತ್ತಿದ್ದರಾ? ಅಂಥ ಒಂದು ಪದ ಸಿಕ್ಕಿದರೆ ನಾನು ಅದನ್ನೇ ದಪ್ಪಕ್ಷರದಲ್ಲಿ ಹಾಕುತ್ತೇನೆ.

ಸದ್ಯಕ್ಕೆ ಮಾಡಿರುವುದು ಇದು. ‘ನಿಂತುಹೋಗು’ ಅನ್ನುವುದನ್ನು ಎಲ್ಲ ಕಡೆ ಕೂಡಿಸಿ ಒಂದೇ ಪದ ಮಾಡಿದ್ದೇನೆ, ರಕ್ತ ಸುರಿಯುವ ಅರ್ಥದಲ್ಲಿ ‘ಹೋಗು’ ಬಳಸಿಲ್ಲ, ‘ಕಾಣು’ ಅಂತ ಹಾಕಿದ್ದೇನೆ. ‘ಮುಟ್ಟು ನಿಂತರೆ’ ತೆಗೆದು ‘ಮುಟ್ಟು ತಡವಾದರೆ ಮೊದಲು ಬಸಿರಿನ ಪರೀಕ್ಷೆ ಮಾಡಿಸಿ’ ಅಂತ ಬರೆದಿದ್ದೇನೆ. ಕೊನೆ ಪುಟದಲ್ಲಿ ಚೌಕ ಹಾಕಿ ಒಂದು ಸಾಲು ಸೇರಿಸಿದೆ: ‘ಮುಟ್ಟು ನಿಂತುಹೋಗಿ ಒಂದು ವರ್ಷ ಆದ ಮೇಲೆ ರಕ್ತ ಕಂಡರೆ ಅದು ಮುಟ್ಟಲ್ಲ. ಗುಳಿಗೆ ತಿಂದು ಕಾಯಬೇಡಿ, ಹೆಂಗಸರ ಡಾಕ್ಟರಿಗೆ ತೋರಿಸಿ.’ ನಮ್ಮ ಬೀದಿಯ ಡಾಕ್ಟರು ಅದನ್ನು ಎರಡು ಸಲ ಓದಿ, ಏಳು ದಿನಕ್ಕಿಂತ ಜಾಸ್ತಿ ಹೋದರೆ, ಗಂಟೆಗೊಂದು ಪ್ಯಾಡು ನೆನೆದರೆ ಅಂತಲೂ ಸೇರಿಸಿ ಅಂದರು. ಅವರೂ ‘ಹೋದರೆ’ ಅಂತಲೇ ಅಂದರು ನೋಡಿ. ನಾನು ‘ರಕ್ತ ಕಂಡರೆ’ ಅಂತ ಟೈಪ್ ಮಾಡಿದೆ.

ಉತ್ತರ ಬರೆಯುವಾಗ ಪದದ ಜೊತೆ ಊರು, ಹೇಳಿದವರ ವಯಸ್ಸು ಸುಮಾರು ಎಷ್ಟು, ಮತ್ತೆ ಅವರು ಆಡಿದ ಪೂರ್ತಿ ವಾಕ್ಯ ಹೇಗಿತ್ತೋ ಹಾಗೇ ಬರೆಯಿರಿ, ತಿದ್ದಬೇಡಿ. ಗಂಡಸರು ಮನೆಯಲ್ಲಿ ಅಮ್ಮನನ್ನೋ ಅಕ್ಕನನ್ನೋ ಕೇಳಿ ಬರೆದರೂ ಆಗುತ್ತದೆ. ಇನ್ನು ಹದಿನೈದು ದಿನಕ್ಕೆ ಕರಪತ್ರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿ.