'ಜಮುನಾ ಕೆ ತೀರ': ಖಾನ್ ಸಾಹೇಬರದ್ದೋ, ಭೀಮಸೇನರದ್ದೋ?

ಭೈರವಿ_ಪ್ರಿಯ:
ಅಬ್ದುಲ್ ಕರೀಂ ಖಾನರ ಹಳೇ ಪ್ಲೇಟಿನಲ್ಲಿ ಭೈರವಿ ರಾಗದ ಠುಮ್ರಿ 'ಜಮುನಾ ಕೆ ತೀರ' ಕೇಳಿದಾಗಲೆಲ್ಲ ನನ್ನದೊಂದೇ ತಕರಾರು: ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದೇಹೋಗಿರುತ್ತದೆ. ಅದನ್ನೇ ಭೀಮಸೇನ ಜೋಶಿ ಹಾಡಿದ್ದು ಕೇಳಿದರೆ ಹೊಟ್ಟೆ ತುಂಬುತ್ತದೆ. ನಮ್ಮ ಮಾವನವರು ಮಾತ್ರ ಖಾನ್ ಸಾಹೇಬರ ಮುಂದೆ ಬೇರೆ ಯಾರದ್ದೂ ಬೇಡ ಅಂತ ಪಟ್ಟು ಹಿಡಿದಿದ್ದಾರೆ. ನನಗೋ ಆ ದನಿ ತೆಳ್ಳಗೆ, ಮೂಗಿನಲ್ಲಿ ಬಂದ ಹಾಗೆ ಕೇಳುತ್ತದೆ. ನನ್ನ ಕಿವಿಗೆ ಏನು ತಪ್ಪಿಹೋಗುತ್ತಿದೆ? ಇವರಿಬ್ಬರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯವರದ್ದೇ ಇಂಥ ಇನ್ನೂ ಒಂದೆರಡು ಜೋಡಿ ಇದ್ದರೆ ಹೇಳಿ, ಒಂದರ ಹಿಂದೆ ಒಂದು ಹಾಕಿ ಕೇಳುತ್ತೇನೆ.

ಧಾರವಾಡದ_ಅಜ್ಜ:
ಮಾವನವರ ಕಡೆ ನಾನೂ ಅದೀನ್ರಿ. ನಿಮಿಷಕ್ಕ 78 ಸುತ್ತು ತಿರಗೋ (78 ಆರ್‌ಪಿಎಂ) ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗಲಿಗೆ ಹಿಡಸೋದ ಮೂರು ಚಿಲ್ಲರೆ ನಿಮಿಷ. ಅಷ್ಟರೊಳಗ ಇಡೀ ಚೀಜು, ಅಂದ್ರ ಹಾಡು, ಮುಗಸಬೇಕು. ಆದ್ರೂ ಖಾನ್ ಸಾಹೇಬರು ಒಂದು ಸ್ವರ ಹಿಡದು ನಿಂತ್ರಂದ್ರ ಅವಸರ ಅನ್ನೋದ ಕಾಣಂಗಿಲ್ಲ. ಭೀಮಸೇನರು ಭೈರವಿಗೆ ಬರೋದು ಬೈಠಕ್ (ಕಚೇರಿ) ಕಡೀಕ. ಎರಡು ತಾಸು ಹಾಡಿ ಗಂಟಲ ಪೂರಾ ತೆರದಿರತೈತಿ, ಮುಂದ ಕುಂತ ಮಂದೀನೂ 'ಆಹಾ' ಅನ್ನಾಕ ತಯಾರಾಗಿರತಾರ. ಖಾನ್ ಸಾಹೇಬರ ಮುಂದ ರೆಕಾರ್ಡಿಂಗ್ ಖೋಲಿಯೊಳಗ ಯಾರಿದ್ರು?

ನಡುವ ಸವಾಯಿ ಗಂಧರ್ವರು ಬರತಾರ, ನಮ್ಮ ಕುಂದಗೋಳದವರು. ಖಾನ್ ಸಾಹೇಬರ ಶಿಷ್ಯರು, ಭೀಮಸೇನರ ಗುರುಗಳು. ಹುಡುಗ ಭೀಮಸೇನಗ ಹಾಡಿನ ಹುಚ್ಚು ಹಿಡಿಸಿದ್ದ ಖಾನ್ ಸಾಹೇಬರ ಝಿಂಝೋಟಿ ರಾಗದ ಪ್ಲೇಟು, 'ಪಿಯಾ ಬಿನ್ ನಹೀ ಆವತ ಚೈನ್'. ಮುಂದ ತಾವೂ ಅದನ್ನ ಹಾಡ್ಯಾರ. ಜೋಡಿ ಬೇಕಂದ್ರ ಅದನ್ನ ಮದಲ ಕೇಳ್ರಿ.

ಹಳೇ_ಪ್ಲೇಟು:
ದನಿ ತೆಳ್ಳಗಾಗಿದ್ದರಲ್ಲಿ ಅಪ್‌ಲೋಡ್ ಮಾಡಿದವರ ಪಾಲೂ ಇರಬಹುದು. ಆ ಕಾಲದ ಪ್ಲೇಟುಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲೇ ಮುದ್ರಣವಾದವಲ್ಲ. 74ರಲ್ಲಿ ಆಗಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಒಂದು ಮನೆ ಮೇಲೇರುತ್ತದೆ. ಮೊದಲ ಬಿಳಿ ಮನೆಯ ಶ್ರುತಿಯ ಹಾಡು ಅದರ ಪಕ್ಕದ ಕಪ್ಪು ಮನೆಗೆ. ತಾನುಗಳೂ (ವೇಗದ ಸ್ವರಗುಚ್ಛಗಳು) ದಾಪುಗಾಲು ಹಾಕುತ್ತವೆ. ಬೇರೆ ಬೇರೆ ಅಪ್‌ಲೋಡ್ ತೆರೆದು ತಂಬೂರಿ ಆ್ಯಪ್‌ಗೆ ಹೊಂದಿಸಿ ನೋಡಿ. 'ನಾಯ್ಸ್ ಕ್ಲೀನ್' ಮಾಡಿದ್ದನ್ನಂತೂ ಮುಟ್ಟಬೇಡಿ, ಸರಸರ ಸದ್ದಿನ ಜೊತೆ ದನಿಯ ಅಂಚನ್ನೂ ಉಜ್ಜಿಹಾಕಿರುತ್ತಾರೆ.

ಸರಪರದಾ:
ನನ್ನ ಜೋಡಿ: ಗಂಗೂಬಾಯಿ ಹಾನಗಲ್ ಮತ್ತು ಗಂಗೂಬಾಯಿ ಹಾನಗಲ್! 1930ರ ದಶಕದ ಪ್ಲೇಟುಗಳಲ್ಲಿ ಅವರ ಹೆಸರು 'ಗಾಂಧಾರಿ'. ದನಿ ಎಳೆಯದು, ಚೂಪು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬಂದದ್ದು ನಾವೆಲ್ಲ ಬಲ್ಲ ಆ ಗಂಡುದನಿ. ಎರಡೂ ಒಬ್ಬರದ್ದೇ ಅಂದರೆ ನಂಬುವುದಿಲ್ಲ.

ಇನ್ನೊಂದು, 'ಗೋಪಾಲಾ ಮೇರಿ ಕರುಣಾ'. ಖಾನ್ ಸಾಹೇಬರ ಪ್ಲೇಟಿನದೇ ಚೀಜು. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಸವಾಯಿ ಗಂಧರ್ವರ ಶಿಷ್ಯ ಫಿರೋಜ್ ದಸ್ತೂರರಿಂದ ಜನ ಹಟ ಹಿಡಿದು ಹಾಡಿಸುತ್ತಿದ್ದರು. ಭೀಮಸೇನರ ಅಬ್ಬರ ಅಲ್ಲಿಲ್ಲ, ನನಗೆ ಅದೇ ಇಷ್ಟ.

ಭೈರವಿ_ಪ್ರಿಯ:
ತಂಬೂರಿಗೆ ಹೊಂದಿಸಿ ನೋಡಿದೆ. ನಾನು ಕೇಳುತ್ತಿದ್ದದ್ದು ಇನ್ನೊಂದಕ್ಕಿಂತ ಮೇಲಿನ ಶ್ರುತಿಯಲ್ಲಿದೆ. ಇಳಿಸಿದರೆ ಮೂಗುದನಿ ಪೂರ್ತಿ ಹೋಗಲಿಲ್ಲ, ಚುಚ್ಚುವುದು ಮಾತ್ರ ನಿಂತಿತು. ಆದರೂ ನನ್ನ ಓಟು ಭೀಮಸೇನರಿಗೇ, ಅಜ್ಜ ಬೈಯಬಾರದು. 'ಗಾಂಧಾರಿ' ಪ್ಲೇಟಿನ ಲಿಂಕ್ ಇದ್ದವರು ದಯವಿಟ್ಟು ಹಾಕಿ.