ಪ್ರೇಮಕಾದಂಬರಿಯ ಓದುಗರನ್ನು ಹಿಡಿದಿಡುವಂತೆ ಬರೆಯಲು ಕಲಿಯುವುದು ಹೇಗೆ?

ಸೊಪ್ಪಿನಬೆಟ್ಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಸಣ್ಣಕತೆಗಳನ್ನಷ್ಟೇ ಬರೆದಿರುವ ನಾನು ಈಗ ಒಂದು ಪ್ರೇಮಕಾದಂಬರಿಗೆ ಕೈಹಾಕಿದ್ದೇನೆ. ಪ್ರೇಮವು ಹಲವು ಎಳೆಗಳಲ್ಲಿ ಒಂದಾಗಿ ಬಂದು ಹೋಗುವ ಕೃತಿಯನ್ನು ಬರೆಯುವುದು ನನ್ನ ಉದ್ದೇಶವಲ್ಲ. ಪ್ರೇಮಕತೆಗಳನ್ನೇ ಹುಡುಕಿಕೊಂಡು ಓದುವವರು ಕೈಗೆತ್ತಿಕೊಂಡು, ಮುಗಿಯುವವರೆಗೂ ಕೆಳಗಿಡದಂತಹ ಕಾದಂಬರಿ ಅದಾಗಬೇಕು.

ಕತೆ ನಡೆಯುವುದು ಶಿರಸಿಯ ಕಡೆಯಲ್ಲಿ. ಮೈಥಿಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ತಂದೆ ತೀರಿಕೊಂಡ ಬಳಿಕ ಪಾಳುಬೀಳುತ್ತಿರುವ ತೋಟವನ್ನು ಮಾರಿ ಕೈತೊಳೆದುಕೊಳ್ಳಲು ಪ್ರಸನ್ನ ಬೆಂಗಳೂರಿನಿಂದ ಬರುತ್ತಾನೆ. ಸಾಲದ ಕಡತದ ನೆಪದಲ್ಲಿ ಅವರಿಬ್ಬರ ಭೇಟಿಯಾಗಿ, ಮೂರನೆಯ ಅಧ್ಯಾಯದ ಹೊತ್ತಿಗೆ ಪರಸ್ಪರ ಮೆಚ್ಚಿಕೊಂಡಿರುತ್ತಾರೆ. ಅವಳ ತಂದೆ ಒಪ್ಪುವುದಿಲ್ಲ. ಪ್ರಸನ್ನ ಬೆಂಗಳೂರಿಗೆ ಮರಳುತ್ತಾನೆ. ಕೊಳೆರೋಗದಿಂದ ಫಸಲೆಲ್ಲ ಉದುರಿದ ಮಳೆಗಾಲದಲ್ಲಿ ತಿರುಗಿ ಬಂದು ತೋಟವನ್ನು ಉಳಿಸಿಕೊಳ್ಳುತ್ತಾನೆ, ತಂದೆಯ ಮನಸ್ಸು ಕರಗುತ್ತದೆ, ಮದುವೆಯಾಗುತ್ತದೆ.

ಪ್ರೇಮಕಾದಂಬರಿಗಳನ್ನು ವಿಪುಲವಾಗಿ ಓದುವ ಇಬ್ಬರು ಬಂಧುಗಳಿಗೆ ಕರಡನ್ನು ಕೊಟ್ಟಿದ್ದೆ. ತೋಟದ ವರ್ಣನೆಯನ್ನು ಇಬ್ಬರೂ ಮೆಚ್ಚಿದರು. ಆದರೆ ಅವರಲ್ಲೊಬ್ಬರು, "ಇವರಿಬ್ಬರೂ ಒಂದಾಗಲಿ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ" ಎಂದರು. ಕೊನೆಯಲ್ಲಿ ಒಂದಾಗುತ್ತಾರೆಂಬುದು ಮೊದಲೇ ತಿಳಿದಿರುವಾಗ ಓದುಗರಲ್ಲಿ ಆ ತವಕವನ್ನು ಹುಟ್ಟಿಸುವುದು ಹೇಗೆ? ಇದನ್ನು ಅಭ್ಯಾಸದಿಂದ ಕಲಿಯಬಹುದೇ?

ಕೊನೆಯ ಪುಟದವಳು

ನಾನು ಬರೆಯುವವಳಲ್ಲ, ಮೈಸೂರಿನ ಬಡಾವಣೆಯೊಂದರಲ್ಲಿ ಬಹಳ ಕಾಲ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದವಳು. ಆದುದರಿಂದ ಓದುವವರ ಪರವಾಗಿ ಹೇಳುತ್ತೇನೆ. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ ಇವರ ಕಾದಂಬರಿಗಳನ್ನು ಒಯ್ಯಲು ಬರುತ್ತಿದ್ದವರಲ್ಲಿ ಹಲವರು ಕಪಾಟಿನ ಮುಂದೆ ನಿಂತು ಮೊದಲು ಕೊನೆಯ ಪುಟವನ್ನೇ ತೆರೆದು ನೋಡುತ್ತಿದ್ದರು. ಮುಕ್ತಾಯ ತಿಳಿದುಬಿಟ್ಟರೆ ಕುತೂಹಲ ಸತ್ತುಹೋಗುತ್ತದೆ ಎಂಬ ನಿಮ್ಮ ಆತಂಕ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಕೊನೆ ಸುಖವಾಗಿದೆ ಎಂಬ ಭರವಸೆ ಸಿಕ್ಕ ಮೇಲೆಯೇ ನಡುವಿನ ಸಂಕಟವನ್ನೆಲ್ಲ ಅವರು ನೆಮ್ಮದಿಯಿಂದ ಅನುಭವಿಸುತ್ತಿದ್ದರು. ಭಾಗವತರ ಮೊದಲ ಪದ್ಯಕ್ಕೇ ಪ್ರಸಂಗದ ಕೊನೆಯನ್ನು ಬಲ್ಲ ಯಕ್ಷಗಾನದ ಪ್ರೇಕ್ಷಕ ಬೆಳಗಿನವರೆಗೆ ಕೂರುತ್ತಾನಲ್ಲವೇ?

1980ರಲ್ಲಿ ಆರಂಭವಾದ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಬರಹಗಾರರ ಸಂಘವು ಈ ಪ್ರಕಾರಕ್ಕೆ ಎರಡೇ ಲಕ್ಷಣಗಳನ್ನು ಹೇಳಿದೆ: ಪ್ರೇಮಕತೆಯೇ ಕೃತಿಯ ಕೇಂದ್ರವಾಗಿರಬೇಕು, ಮುಕ್ತಾಯವು ಮನಸ್ಸಿಗೆ ತೃಪ್ತಿ ಕೊಡುವಂತೆಯೂ ಆಶಾದಾಯಕವಾಗಿಯೂ ಇರಬೇಕು. ಇದರಿಂದ ಹೊರಗುಳಿಯುವ ಕತೆ ಕೀಳೆಂದೇನೂ ಅಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದ ‘ಬೆಳ್ಳಿಮೋಡ’ವನ್ನೇ ನೋಡಿ. ಆಸ್ತಿ ಕೈತಪ್ಪಿತೆಂದು ನಾಯಕಿ ಇಂದಿರೆಯೊಂದಿಗಿನ ಮದುವೆಯಿಂದ ಹಿಂದೆ ಸರಿದ ಮೋಹನ, ಮುಂದೆ ಅವಳದೇ ಆರೈಕೆಯಿಂದ ಚೇತರಿಸಿಕೊಂಡು ಮದುವೆಗೆ ಮುಂದಾದಾಗ ಅವಳು ಅವನನ್ನು ಒಲ್ಲೆ ಎನ್ನುತ್ತಾಳೆ. ಆ ನಿರಾಕರಣೆಯಿಂದಲೇ ಆ ಕತೆಗೆ ಘನತೆ ಬಂದಿದೆ. ಹಾಗಿದ್ದರೂ ಸುಖಾಂತವನ್ನು ಬಯಸಿ ಬಂದ ಓದುಗರಿಗೆ ಅದನ್ನು ಪ್ರೇಮಕಾದಂಬರಿಯೆಂದು ಕೊಟ್ಟರೆ ಅವರು ಮಾತು ತಪ್ಪಿದಿರಿ ಎನ್ನುತ್ತಾರೆ.

ನಿಮ್ಮ ಕತೆಯಲ್ಲಿ ನನಗೆ ಕಂಡ ಕೊರತೆಯೆಂದರೆ ನಾಯಕ ನಾಯಕಿಯರು ಬಹುಪಾಲು ಬೇರೆ ಬೇರೆ ಊರಿನಲ್ಲಿದ್ದಾರೆ. ನಮ್ಮ ಓದುಗರು ಪುಟ ತಿರುಗಿಸುತ್ತಿದ್ದುದು ಇಬ್ಬರೂ ಎದುರುಬದುರಾಗುವ ಪ್ರಸಂಗಕ್ಕಾಗಿ. ಅದಿಲ್ಲದ ಅಧ್ಯಾಯಗಳನ್ನು ಅವರು ಹಾರಿಸಿಬಿಡುತ್ತಿದ್ದರೆಂಬುದನ್ನು ಮುಟ್ಟಿದ ಗುರುತೂ ಇಲ್ಲದ ಆ ಹಾಳೆಗಳೇ ಹೇಳುತ್ತಿದ್ದವು.

ಕರಡು ತಿದ್ದುವವ

ಮೇಲಿನ ಮಾತು ಸರಿಯಾಗಿದೆ. ಅದರ ಕಾರಣವನ್ನು ಇನ್ನಷ್ಟು ಬಿಡಿಸಿ ನೋಡೋಣ. ಸಂಸ್ಕೃತದ ಕಾವ್ಯಶಾಸ್ತ್ರಜ್ಞ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವಿಪ್ರಲಂಭ ಶೃಂಗಾರವನ್ನು, ಅಂದರೆ ಪ್ರೇಮಿಗಳು ಕೂಡದಿರುವಾಗಿನ ಶೃಂಗಾರವನ್ನು, ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ನಿಮ್ಮ ಕರಡಿನಲ್ಲಿ ಪೂರ್ವರಾಗವು, ಎಂದರೆ ಕೂಡುವ ಮುನ್ನ ಮೊಳೆಯುವ ಒಲವು, ಮೂರೇ ಅಧ್ಯಾಯಗಳಲ್ಲಿ ಮುಗಿದುಹೋಗುತ್ತದೆ. ಉಳಿದದ್ದೆಲ್ಲವೂ ಪ್ರವಾಸ, ಅಂದರೆ ಊರುಗಳ ನಡುವಿನ ದೂರ. ಮಾನಕ್ಕೆ, ಎಂದರೆ ಎದುರಿಗೇ ಇದ್ದರೂ ಒಳಗಿನ ಬಿಗುಮಾನದಿಂದ ಸೋಲೊಪ್ಪದೆ ಸೆಣಸುವ ಆ ಸ್ಥಿತಿಗೆ ನಿಮ್ಮಲ್ಲಿ ಎಡೆಯೇ ಇಲ್ಲ. ಶಾಸ್ತ್ರದಲ್ಲಿ ಮಾನವೆಂದರೆ ಮುನಿಸು. ನಾನು ಅದನ್ನು ತುಸು ಹಿಗ್ಗಿಸಿ ಬಳಸುತ್ತಿದ್ದೇನೆ, ಪಂಡಿತರು ಮನ್ನಿಸಬೇಕು. ಈಗಿನ ಪ್ರೇಮಕಾದಂಬರಿ ನಿಂತಿರುವುದೇ ಈ ಮಾನದ ಮೇಲೆ.

ತಂದೆಯ ಅಸಮ್ಮತಿ, ಜಾತಕ, ಸಾಲ, ದೂರದ ಊರು ಇವೆಲ್ಲ ಹೊರಗಿನ ಅಡ್ಡಿಗಳು. ತಂದೆ ಒಪ್ಪಿದೊಡನೆ ನಿಮ್ಮ ಕತೆ ಮುಗಿಯುತ್ತದೆ. ಅಂದರೆ ಕತೆಯ ಕೀಲಿಕೈ ಪ್ರೇಮಿಗಳ ಕೈಯಲ್ಲಿಲ್ಲದೆ ಮೂರನೆಯವರ ಜೇಬಿನಲ್ಲಿದೆ. ಮೈಥಿಲಿಗೆ ತೋಟ ಮಾರುವವರ ಮೇಲೆ ಏಕೆ ಕೋಪ? ಅವಳ ಮನೆಯವರೂ ಹಿಂದೊಮ್ಮೆ ಸಾಲಕ್ಕೆ ತೋಟ ಕಳೆದುಕೊಂಡಿದ್ದು, ಬಿಟ್ಟುಹೋಗುವವರನ್ನು ನಂಬಬಾರದೆಂದು ಅವಳು ಚಿಕ್ಕಂದಿನಲ್ಲೇ ನಿಶ್ಚಯಿಸಿಕೊಂಡಿದ್ದರೆ? ತೋಟಕ್ಕಾಗಿ ಆಯುಷ್ಯವನ್ನೇ ಸವೆಸಿದ ತಂದೆಯನ್ನು ಕಂಡ ಪ್ರಸನ್ನ, ಊರಿನಲ್ಲಿ ಉಳಿದವನು ಮುಗಿದುಹೋದ ಎಂದು ತೀರ್ಮಾನಿಸಿದ್ದರೆ? ಆಗ ಒಬ್ಬರನ್ನೊಬ್ಬರು ಪ್ರೀತಿಸಲು ಇಬ್ಬರೂ ತಮ್ಮನ್ನು ಇದುವರೆಗೆ ಕಾಪಾಡಿದ ನಂಬಿಕೆಯನ್ನೇ ಕಳಚಿಡಬೇಕಾಗುತ್ತದೆ. ಓದುಗರ ತವಕ ಹುಟ್ಟುವುದು ಅಲ್ಲಿ. ಒಂದಾಗುತ್ತಾರೆಂಬುದು ಅವರಿಗೆ ಗೊತ್ತಿದ್ದರೂ, ಇಂತಹ ಇಬ್ಬರು ಹೇಗೆ ಒಂದಾದಾರೆಂಬುದು ಗೊತ್ತಿರುವುದಿಲ್ಲ.

ಪ್ರಮಾಣದ ಅಂದಾಜಿಗಾಗಿ ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಅದರ 61 ಅಧ್ಯಾಯಗಳಲ್ಲಿ ಡಾರ್ಸಿ ಮೊದಲ ಬಾರಿಗೆ ಮದುವೆಯ ಪ್ರಸ್ತಾಪ ಮಾಡಿ ಎಲಿಜಬೆತ್‌ಳಿಂದ ತಿರಸ್ಕೃತನಾಗುವುದು 34ನೆಯದರಲ್ಲಿ. ಮರುದಿನದ ಅವನ ಪತ್ರದಿಂದ ಅವಳ ಕಣ್ಣು ತೆರೆಯಲು ತೊಡಗುತ್ತದೆ. ಅವಳು ಅವನನ್ನು ಒಪ್ಪುವುದು 58ನೆಯದರಲ್ಲಿ. ಕೃತಿಯ ನಟ್ಟನಡುವೆ ಪ್ರಸ್ತಾಪವೂ ಬಂದು ನಿರಾಕರಣೆಯೂ ಬಂದದ್ದರಿಂದ, ಉಳಿದರ್ಧದಲ್ಲಿ ಇಬ್ಬರೂ ತಮ್ಮನ್ನು ತಾವು ತಿದ್ದಿಕೊಳ್ಳಲು ಜಾಗ ಸಿಕ್ಕಿದೆ.

ಇನ್ನೊಂದು ವಿಷಯ. ರಸವನ್ನಾಗಲಿ ಭಾವವನ್ನಾಗಲಿ ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಇನ್ನೊಬ್ಬ ಕಾವ್ಯಶಾಸ್ತ್ರಜ್ಞ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳ ಸಾಲಿಗೆ ಸೇರಿಸಿದ್ದಾನೆ. "ಅವಳ ಎದೆಯಲ್ಲಿ ಪ್ರೇಮ ಉಕ್ಕಿತು" ಎಂದು ಬರೆದರೆ ಓದುಗರ ಎದೆಯಲ್ಲಿ ಏನೂ ಉಕ್ಕುವುದಿಲ್ಲ. ಅದರ ಬದಲು ಹೀಗೆ ಯೋಚಿಸಿ: ಪ್ರಸನ್ನ ಸಾಲವನ್ನೆಲ್ಲ ಕಟ್ಟಿದ್ದಾನೆ, ತೋಟ ಮಾರಲು ಅವನಿಗೆ ಬೇಕಾದದ್ದು ಬಾಕಿಯೇನೂ ಇಲ್ಲವೆಂದು ಸಂಘ ಕೊಡುವ ಬೇಬಾಕಿ ಪತ್ರವೊಂದೇ. ಅದು ಸಹಿಯಾಗಿ ಮೈಥಿಲಿಯ ಮೇಜಿನ ಖಾನೆಯಲ್ಲಿದೆ. ನಿಯಮ ಮೀರಿ ಒಂದು ಅಕ್ಷರವನ್ನೂ ಬರೆಯದ ಅವಳು ಅವನಿಗೆ, "ಸೆಕ್ರೆಟರಿಯವರು ಇನ್ನೂ ಸಹಿ ಮಾಡಿಲ್ಲ, ಸೋಮವಾರ ಬನ್ನಿ" ಎನ್ನುತ್ತಾಳೆ. ಪ್ರೇಮದ ಹೆಸರೇ ಅಲ್ಲಿಲ್ಲ, ಆದರೂ ಓದುಗರಿಗೆ ಎಲ್ಲವೂ ತಿಳಿಯುತ್ತದೆ. ಅವನಿಗೆ ಆ ಸುಳ್ಳು ಗೊತ್ತಾಗುವ ದಿನವನ್ನು ಅವರು ಅಲ್ಲಿಂದಲೇ ಕಾಯತೊಡಗುತ್ತಾರೆ.

ನವ್ಯದ ಕೊನೆಯ ಬೆಂಚು

ಎಲ್ಲರೂ ಮೆಚ್ಚುತ್ತಿರುವಾಗ ತಕರಾರು ತೆಗೆಯುವವನೊಬ್ಬ ಬೇಕಷ್ಟೆ. ಈ ಪ್ರಕಾರದ ಹಲವು ಕತೆಗಳಲ್ಲಿ ನಾಯಕನು ನಾಯಕಿಯನ್ನು ಗದರುತ್ತಾನೆ, ಬೆನ್ನುಹತ್ತುತ್ತಾನೆ, ಕೆಲವೊಮ್ಮೆ ಕೈಯನ್ನೂ ಎತ್ತುತ್ತಾನೆ; ಅದೆಲ್ಲವೂ ಆಳವಾದ ಪ್ರೇಮದ ಗುರುತೆಂದು ಲೇಖಕರು ನಮ್ಮನ್ನು ನಂಬಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ನಾಯಕಿ ಕೆಲಸಕ್ಕೆ ರಾಜೀನಾಮೆ ಬರೆದುಕೊಡುತ್ತಾಳೆ. ಜಾತಿಯ ಪ್ರಶ್ನೆಯಂತೂ ಏಳುವುದೇ ಇಲ್ಲ, ಏಕೆಂದರೆ ಲೇಖಕರು ಮುಂಚಿತವಾಗಿಯೇ ಇಬ್ಬರನ್ನೂ ಒಂದೇ ಜಾತಿಯಲ್ಲಿ ಹುಟ್ಟಿಸಿರುತ್ತಾರೆ. ಓದುಗರನ್ನು ಒಲಿಸಿಕೊಳ್ಳಬೇಕೆಂದರೆ ಇವನ್ನೆಲ್ಲ ಒಪ್ಪಿಕೊಳ್ಳಲೇಬೇಕೇ? ಮೈಥಿಲಿಯ ತಂದೆ ಒಲ್ಲೆ ಎನ್ನುವುದಕ್ಕೆ ಕಾರಣವೇನೆಂದು ಪ್ರಶ್ನೆ ಕೇಳಿದವರು ಬರೆದೇ ಇಲ್ಲ ಎಂಬುದನ್ನೂ ಗಮನಿಸಿದೆ.

ರಾತ್ರಿ ಹತ್ತರ ಕಂತು

ಕತೆಗಳನ್ನು ಪ್ರಕಟಿಸುವ ಪ್ರತಿಲಿಪಿ ಜಾಲತಾಣದಲ್ಲಿ ಕಂತುಕಂತಾಗಿ ಪ್ರೇಮಕಾದಂಬರಿಗಳನ್ನು ಬರೆಯುವವಳಾದುದರಿಂದ ಕೊನೆಯ ಬೆಂಚಿನವರಿಗೆ ಉತ್ತರಿಸುವ ಹೊಣೆ ನನ್ನದೆಂದುಕೊಳ್ಳುತ್ತೇನೆ. ಒಪ್ಪಿಕೊಳ್ಳಬೇಕಾಗಿಲ್ಲ ಸರ್. ಕಂತು ಪ್ರಕಟವಾದ ರಾತ್ರಿಯೇ ಓದುಗರ ಅಭಿಪ್ರಾಯಗಳು ಬರುತ್ತವೆ. ನಾಯಕ ಅವಳ ಕೈಯನ್ನು ಬಲವಂತವಾಗಿ ಹಿಡಿದನೆಂದು ಬರೆದರೆ ಈಗ ಬರುವ ಬೈಗುಳ ನಾಯಕನಿಗಲ್ಲ, ನನಗೆ. ಹಾಗೆಂದು ಎಲ್ಲ ಓದುಗರೂ ಬದಲಾಗಿದ್ದಾರೆಂದು ಹೇಳಲಾರೆ. ಗದರುವ ನಾಯಕನನ್ನು ಬಯಸುವವರು ಈಗಲೂ ಇದ್ದಾರೆ. ಅವರಿಗೆ ಬೇಕಾದ ತೀವ್ರತೆಯನ್ನು ಬೇರೆ ದಾರಿಯಿಂದ ಕೊಡಬಹುದು ಎಂಬುದಷ್ಟೇ ನನ್ನ ಅನುಭವ: ಅವನು ಅವಳನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತಾನೆಂಬುದನ್ನು ತೋರಿಸಿದರೆ, ಎಷ್ಟು ಜೋರಾಗಿ ಕೂಗುತ್ತಾನೆಂಬುದನ್ನು ತೋರಿಸುವ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ನಮ್ಮ ಭಾಷೆಯೇ ಕೊಟ್ಟಿರುವ ಒಂದು ಅನುಕೂಲವನ್ನು ನೆನಪಿಸಬೇಕು. ಕಚೇರಿಯಲ್ಲಿ ಪರಿಚಯವಾದ ಇಬ್ಬರು ಬಹುವಚನದಲ್ಲಿಯೇ ಮಾತನಾಡುತ್ತಾರೆ. ಇಬ್ಬರಲ್ಲಿ ಯಾರು, ಎಲ್ಲಿ, ಯಾವ ಮಾತಿನ ನಡುವೆ ಮೊದಲು ಏಕವಚನಕ್ಕೆ ಇಳಿಯುತ್ತಾರೆ? ಜಗಳದ ಬಿಸಿಯಲ್ಲಿ ಅದು ಬಾಯಿತಪ್ಪಿ ಬಂದು, ಇಬ್ಬರೂ ಗಮನಿಸಿ, ಯಾರೂ ಪ್ರಸ್ತಾಪಿಸದೆ ಹೋದರೆ ಒಂದು ಇಡೀ ಕಂತಿಗೆ ಅದೇ ಸಾಕು. ಮುನಿಸು ಬಂದ ದಿನ ಅವಳು ಮತ್ತೆ ಬಹುವಚನಕ್ಕೆ ಏರಿದರೆ ಅವನಿಗೆ ಬೇರೆ ಶಿಕ್ಷೆ ಬೇಡ. ನಾನು ಓದುವ ಎಷ್ಟೋ ಕರಡುಗಳಲ್ಲಿ ಎರಡನೆಯ ಭೇಟಿಗೇ ಇಬ್ಬರೂ ಏಕವಚನಕ್ಕೆ ಬಂದು ಈ ಅವಕಾಶವನ್ನು ಚೆಲ್ಲಿಬಿಟ್ಟಿರುತ್ತಾರೆ.

ಮದುವೆಯೇ ಕತೆಯ ಕೊನೆಯಾಗಬೇಕೆಂಬ ನಿಯಮವೂ ಇಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದಾಗಿನಿಂದ ದಾಂಪತ್ಯದ ಒಲವು ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದದ್ದು; ಹಿರಿಯರು ನೋಡಿ ಮಾಡಿದ ಮದುವೆಯ ನಂತರ ಇಬ್ಬರು ಅಪರಿಚಿತರು ನಿಧಾನವಾಗಿ ಹತ್ತಿರವಾಗುವ ಕತೆಗಳಿಗೆ ನಮ್ಮಲ್ಲಿ ಓದುಗರು ಬಹಳ. ಒಂದೇ ಸೂರಿನಡಿ ಇದ್ದೂ ದೂರವಿರುವುದರಿಂದ ಎದುರುಬದುರಾಗುವ ಪ್ರಸಂಗಗಳಿಗೆ ಅಲ್ಲಿ ಬರವಿರುವುದಿಲ್ಲ.

ಅಭ್ಯಾಸದ ಬಗ್ಗೆ ಕೇಳಿದ್ದೀರಿ. ನಿಮಗೆ ನಿಜವಾಗಿ ಇಷ್ಟವಾದ ಎರಡು ಪ್ರೇಮಕಾದಂಬರಿಗಳನ್ನು ಆರಿಸಿಕೊಂಡು, ಪ್ರತಿ ಪ್ರಸಂಗದ ಕೊನೆಯಲ್ಲಿ ಅವರಿಬ್ಬರು ಮೊದಲಿಗಿಂತ ಹತ್ತಿರವಾದರೋ ದೂರವಾದರೋ ಎಂದು ಅಂಚಿನಲ್ಲಿ ಗುರುತು ಹಾಕಿ. ಒಂದು ಗುರುತೂ ಬೀಳದ ಪ್ರಸಂಗಗಳು ಅಲ್ಲಿ ಎಷ್ಟು ವಿರಳವೆಂಬುದನ್ನು ಕಂಡುಕೊಂಡ ಮೇಲೆ ನಿಮ್ಮ ಕರಡಿಗೂ ಅದನ್ನೇ ಮಾಡಿ. ಇಷ್ಟವಿಲ್ಲದೆ, ಕೀಳಾಗಿ ಕಾಣುತ್ತಲೇ ಈ ಪ್ರಕಾರವನ್ನು ಬರೆಯುವವರು ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತಾರೆ. ನಿಮ್ಮ ಪ್ರಶ್ನೆಯಲ್ಲಿ ಆ ಧೋರಣೆ ಕಾಣಲಿಲ್ಲವೆಂದೇ ಇಷ್ಟು ಬರೆದೆ.

ಸೊಪ್ಪಿನಬೆಟ್ಟ

ಎಲ್ಲರಿಗೂ ಕೃತಜ್ಞ. ಅಂಚಿನ ಗುರುತುಗಳನ್ನು ಹಾಕುತ್ತ ಹೋದಾಗ, ನಾನು ಬಹಳ ಇಷ್ಟಪಟ್ಟು ಬರೆದಿದ್ದ ಕೊನೆಕೊಯ್ಲಿನ, ಅಂದರೆ ಅಡಿಕೆಗೊನೆ ಕೊಯ್ಯುವ, ಅಧ್ಯಾಯಕ್ಕೆ ಒಂದು ಗುರುತೂ ಬೀಳಲಿಲ್ಲ. ಗೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವ ವರ್ಣನೆ ಮಾತ್ರ ನಾಲ್ಕು ಪುಟವಿದೆ! ಅದನ್ನು ತೆಗೆಯಲು ಮನಸ್ಸಿಲ್ಲದ ಕಾರಣ, ಬೇಬಾಕಿ ಪತ್ರದ ಸುಳ್ಳು ಅಲ್ಲಿಯೇ ಪ್ರಸನ್ನನಿಗೆ ತಿಳಿಯುವಂತೆ ಮಾಡಬಹುದೇ ಎಂದು ಯೋಚಿಸುತ್ತಿದ್ದೇನೆ. ಸಂಘದ ಸೆಕ್ರೆಟರಿ ಅಡಿಕೆ ನೋಡಲು ತೋಟಕ್ಕೆ ಬಂದು, ಸಹಿ ಮಾಡಿ ಎಷ್ಟು ದಿನವಾಯಿತೆಂದು ಸಹಜವಾಗಿ ಹೇಳಿಬಿಡಬಹುದು.

ಕೊನೆಯ ಬೆಂಚಿನವರ ಪ್ರಶ್ನೆ ನ್ಯಾಯವಾದದ್ದು. ತಂದೆಯ ವಿರೋಧಕ್ಕೆ ಜಾತಿಯೇ ಕಾರಣವೆಂದು ನನ್ನ ಮನಸ್ಸಿನಲ್ಲಿದ್ದುದನ್ನು ಕರಡಿನಲ್ಲಿ ಮಸುಕಾಗಿಟ್ಟಿದ್ದೆ. ಅದನ್ನು ಸ್ಪಷ್ಟವಾಗಿ ತಂದರೆ ಹೊರಗಿನ ಅಡ್ಡಿಯೇ ಮತ್ತೆ ಮೇಲುಗೈ ಪಡೆಯುವುದಿಲ್ಲವೇ? ತಂದೆಯನ್ನು ಕತೆಯಿಂದ ಕೈಬಿಡಬೇಕೇ?

ಕರಡು ತಿದ್ದುವವ

ಕೈಬಿಡಬೇಡಿ, ಜಾತಿಯನ್ನು ಮುಚ್ಚಿಡಲೂ ಬೇಡಿ. ತಂದೆ ಒಪ್ಪುವ ಕ್ಷಣವನ್ನು ಕೊನೆಯಿಂದ ಎತ್ತಿ ಮೂರನೆಯ ಎರಡು ಭಾಗ ಮುಗಿಯುವಲ್ಲಿಗೆ ತನ್ನಿ. ಅವರ ಒಪ್ಪಿಗೆ ಸುಲಭವಾಗಿ ಬಾರದಿರಲಿ. ಯಾರೊಡನೆ ಮಾತು ಬಿಟ್ಟರು, ಯಾವ ಮನೆಯ ಕಾರ್ಯಕ್ಕೆ ಇವರಿಗೆ ಕರೆ ಬರಲಿಲ್ಲ ಎಂಬುದೆಲ್ಲ ಬರಲಿ. ಅಷ್ಟು ಬೆಲೆ ತೆತ್ತು ತಂದೆ "ಆಗಲಿ" ಎಂದ ಮೇಲೆ, ಹಿಂದೆ ಅಡಗಿಕೊಳ್ಳಲು ಮೈಥಿಲಿಗೆ ಯಾವ ನೆಪವೂ ಉಳಿಯುವುದಿಲ್ಲ. ಆಗ ಅವಳು ಪ್ರಸನ್ನನಿಗೆ ಒಲ್ಲೆ ಎನ್ನಲಿ. ಅವನು ಊರಿನಲ್ಲಿ ಉಳಿಯುವವನೆಂದು ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ತಾನು ಉಳಿಯಬಲ್ಲೆನೆಂದು ಅವನಿಗೂ ಬಂದಿಲ್ಲ. ಕೊಳೆರೋಗದ ಮಳೆಗಾಲವನ್ನು ಆ ಜಾಗಕ್ಕೆ ಸರಿಸಿ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲು ಮಳೆಯ ಬಿಡುವಿಗಾಗಿ ಕಾಯುತ್ತ ಇಬ್ಬರೂ ಒಂದೇ ಮನೆಯ ಜಗಲಿಯಲ್ಲಿ ಕೂತಿರಬೇಕಾದ ದಿನಗಳು ನಿಮಗೆ ಸಿಗುತ್ತವೆ. ಆ ಭಾಗವನ್ನು ಪ್ರಸನ್ನನ ಕಣ್ಣಿನಿಂದ ಬರೆದು ನೋಡಿ. ಇದುವರೆಗಿನದು ಅವಳ ಕಡೆಯಿಂದಲೇ ಬಂದಿರುವುದರಿಂದ, ಅವನು ಅವಳಲ್ಲಿ ಏನನ್ನು ಕಂಡಿದ್ದಾನೆಂಬುದು ಓದುಗರಿಗೆ ಮೊದಲ ಬಾರಿಗೆ ತಿಳಿಯುವುದು ಅಲ್ಲಿಯೇ ಆಗಲಿ.